ಮರೆಗೆ ಸರಿದ ಉಳಿತಾಯ

ಹಳ್ಳದ ನೀರಿನಿಂದ ಕಿರು ಟರ್ಬೈನು ತಿರುಗಿಸಿ ದೀಪ ಉರಿಸುವ ಮಲೆನಾಡಿನ ಮನೆಗಳಿಗೆ ಒಂದೊಂದು ವ್ಯಾಟಿನ ಬೆಲೆಯೂ ಗೊತ್ತು. ಬೇಸಿಗೆಯಲ್ಲಿ ಹಳ್ಳ ಸೊರಗಿದರೆ ಬೆಳಕೂ ಸೊರಗುತ್ತದೆ. ಅಂಥ ಮನೆಯ ವಿದ್ಯಾರ್ಥಿ ಲ್ಯಾಪ್‌ಟಾಪಿನ ಕಂಟ್ರೋಲ್ ಪ್ಯಾನೆಲ್ ತೆರೆದು ‘ಪವರ್ ಸೇವರ್’ ಹುಡುಕಿದರೆ ಹಲವು ವೇಳೆ ಕಾಣುವುದು ‘ಬ್ಯಾಲೆನ್ಸ್ಡ್’ ಒಂದೇ.

ಯಂತ್ರ ಕೆಟ್ಟಿಲ್ಲ. 2007ರ ವಿಂಡೋಸ್ ವಿಸ್ಟಾದಲ್ಲಿ ಮೂರು ಪವರ್ ಪ್ಲಾನ್‌ಗಳಿದ್ದವು. ‘ಮಾಡರ್ನ್ ಸ್ಟ್ಯಾಂಡ್‌ಬೈ’ ಉಳ್ಳ, ಎಂದರೆ ಮಲಗಿದಾಗಲೂ ಅರೆ ಎಚ್ಚರದಲ್ಲಿರುವ ಈಚಿನ ಯಂತ್ರಗಳು ಸಾಮಾನ್ಯವಾಗಿ ಒಂದನ್ನೇ ತೋರಿಸುತ್ತವೆ. ಉಳಿತಾಯದ ಆಯ್ಕೆ ಬೇರೆಡೆಗೆ ಸರಿದಿದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಸಿಸ್ಟಮ್, ಅದರೊಳಗೆ ಪವರ್ ತೆರೆದು ‘ಪವರ್ ಮೋಡ್’ ಅನ್ನು ‘ಬೆಸ್ಟ್ ಪವರ್ ಎಫಿಶಿಯೆನ್ಸಿ’ಗೆ ಬದಲಿಸಬೇಕು. ಪರದೆ ಆರುವ, ಯಂತ್ರ ಮಲಗುವ ಅವಧಿಯನ್ನೂ ಅಲ್ಲಿಯೇ ತಗ್ಗಿಸಬಹುದು. ಹಳೆಯ ಯಂತ್ರವಾದರೆ ಕಂಟ್ರೋಲ್ ಪ್ಯಾನೆಲಿನ ‘ಶೋ ಅಡಿಷನಲ್ ಪ್ಲಾನ್ಸ್’ ಬಾಣವನ್ನು ಒತ್ತಿ ನೋಡಬೇಕು. ಶಾಲೆಯ ಗಣಕಗಳಲ್ಲಿ ನಿರ್ವಾಹಕರೇ ಬೀಗ ಹಾಕಿರುವುದುಂಟು. ಆಗ ಅವರನ್ನೇ ಕೇಳಬೇಕು. ಕಾಣೆಯಾದುದನ್ನು ಮರಳಿ ಕೊಡುವೆವೆನ್ನುವ ಅಪರಿಚಿತ ತಂತ್ರಾಂಶಗಳ ಗೊಡವೆ ಬೇಡ.

ಈ ಬದಲಾವಣೆಗೆ ತಾಂತ್ರಿಕ ಕಾರಣವಿದ್ದೀತು. ಆದರೆ ಶರಾವತಿಗೆ ಅಡ್ಡಲಾಗಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನೀರಿನಡಿ ಹೋದದ್ದು ಮಲೆನಾಡಿನ ಗದ್ದೆ-ತೋಟಗಳು. ಇನ್ನಷ್ಟು ವಿದ್ಯುತ್ತಿಗಾಗಿ ಇಂದಿಗೂ ಕಣಿವೆಗಳತ್ತಲೇ ಕೈಚಾಚುತ್ತಿರುವಾಗ, ಕಡಿಮೆ ಬಳಸುವ ದಾರಿ ಪಟ್ಟುಹಿಡಿದು ಹುಡುಕಿದವರಿಗಷ್ಟೇ ದಕ್ಕುವುದು ನ್ಯಾಯವಲ್ಲ. ಒಂದು ಲ್ಯಾಪ್‌ಟಾಪಿನಿಂದ ಉಳಿಯುವುದು ಅಲ್ಪ, ನಿಜ. ಕರೆಂಟು ಹೋದ ರಾತ್ರಿ ಬ್ಯಾಟರಿಯನ್ನೇ ನಂಬಿ ಓದುವವರಿಗೆ ಅಲ್ಪವಲ್ಲ. ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚುವ ಶಾಲೆಗಳೂ ಇಲಾಖೆಗಳೂ ಈ ಹೊಂದಾಣಿಕೆಯನ್ನು ಮೊದಲೇ ಮಾಡಿ ಕೊಡಲಿ.