ಸಂಡೂರು ಕಣಿವೆಯ ಗಾಳಿಯನ್ನು ಋತುಮಾನಕ್ಕೆ ತಕ್ಕಂತೆ ಅಳೆದು ಕಾಯುವಂತೆ ಕೋರಿ ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ,
ಬೆಂಗಳೂರು.
(ಮಾನ್ಯ ಜಿಲ್ಲಾಧಿಕಾರಿಗಳು, ಬಳ್ಳಾರಿ ಇವರ ಮುಖಾಂತರ)

ಇಂದ,
ಸಂಡೂರು ಪಟ್ಟಣದ ನಾಗರಿಕರು.

ವಿಷಯ: ಸಂಡೂರು ಪಟ್ಟಣದ ವಾಯುಮಾಲಿನ್ಯ ನಿಯಂತ್ರಣಕ್ಕೆ ಋತುವಾರು ಕ್ರಮಗಳನ್ನು ಕೈಗೊಳ್ಳುವ ಕುರಿತು.

ಮಾನ್ಯರೆ,

ಬ್ರಿಟಿಷರ ಕಾಲದಲ್ಲಿ ಸೈನಿಕರು ಆರೋಗ್ಯ ಸುಧಾರಿಸಿಕೊಳ್ಳಲು ಬಂದು ತಂಗುತ್ತಿದ್ದ ರಾಮನದುರ್ಗ ಇರುವುದು ನಮ್ಮ ತಾಲ್ಲೂಕಿನ ಬೆಟ್ಟದ ಮೇಲೆ. ಅದೇ ಬೆಟ್ಟಸಾಲಿನ ಕೆಳಗೆ ಬದುಕುವ ನಾವು ಇಂದು ಉಸಿರಾಡುವ ಗಾಳಿಗಾಗಿ ಮನವಿ ಸಲ್ಲಿಸುತ್ತಿದ್ದೇವೆ. ಗಣಿಗಳನ್ನೆಲ್ಲ ಮುಚ್ಚಿ ಎಂದು ನಾವು ಕೇಳುತ್ತಿಲ್ಲ. ಗಣಿಯ ದುಡಿಮೆಯನ್ನೇ ನೆಚ್ಚಿದ ಮನೆಗಳು ನಮ್ಮಲ್ಲಿವೆ. ಈ ಕಣಿವೆಗೆ ವರ್ಷವಿಡೀ ಒಂದೇ ನಿಯಮ ಸಾಲದು ಎಂಬುದಷ್ಟೇ ನಮ್ಮ ವಾದ.

ಊರಿನ ನೆಲೆ: ಸಂಡೂರು ಎರಡು ಬೆಟ್ಟಸಾಲುಗಳ ನಡುವಿನ ಉದ್ದನೆಯ ಕಣಿವೆಯಲ್ಲಿದೆ. ಭೀಮಗಂಡಿ, ಓಬಳಗಂಡಿಗಳಂಥ ಇಕ್ಕಟ್ಟಾದ ಗಂಡಿಗಳೇ ಇದರ ಬಾಗಿಲು. ಕಬ್ಬಿಣದ ಅದಿರು ಇರುವುದು ಬೆಟ್ಟಗಳಲ್ಲಿ, ಜನವಸತಿ ಇರುವುದು ತಗ್ಗಿನಲ್ಲಿ. ಬಯಲಿನ ಊರಿನಲ್ಲಿ ಚದುರಿಹೋಗುವ ಧೂಳು ಇಲ್ಲಿ ಬೆಟ್ಟಗಳ ನಡುವೆ ಸಿಕ್ಕಿಕೊಳ್ಳುತ್ತದೆ.

ಮಳೆಗಾಲ: ಮುಂಗಾರಿನ ಗಾಳಿ, ಮಳೆ ಎರಡೂ ಸೇರಿ ಕಣಿವೆಯನ್ನು ತೊಳೆಯುತ್ತವೆ. ಆದರೆ ರಸ್ತೆಯ ಮೇಲೆ ಚೆಲ್ಲಿದ ಅದಿರು ಆಗ ಕೆಸರಾಗಿ ಕೂತು, ಮಳೆ ನಿಂತ ಮೇಲೆ ಒಣಗಿ ಮತ್ತೆ ಏಳುತ್ತದೆ.

ಚಳಿಗಾಲ: ನಮಗೆ ಹೆಚ್ಚಿನ ಭಯ ಈ ತಿಂಗಳುಗಳದ್ದು. ಆಕಾಶ ಶುಭ್ರವಾಗಿದ್ದು ಗಾಳಿ ಆಡದ ರಾತ್ರಿಗಳಲ್ಲಿ ಬೆಟ್ಟದ ಮೈ ಬೇಗ ತಣ್ಣಗಾಗಿ, ತಣ್ಣನೆಯ ಭಾರವಾದ ಗಾಳಿ ತಗ್ಗಿಗೆ ಇಳಿಯುತ್ತದೆ. ಅದರ ಮೇಲಿನ ಬೆಚ್ಚನೆಯ ಪದರ ಬುಟ್ಟಿ ಬೋರಲು ಹಾಕಿದಂತೆ ಊರನ್ನು ಮುಚ್ಚುತ್ತದೆ. ಲಾರಿಯ ಹೊಗೆ, ರಸ್ತೆಯ ಕೆಂಧೂಳು, ಸೌದೆ ಒಲೆಯ ಮತ್ತು ಕಸದ ಬೆಂಕಿಯ ಹೊಗೆ ಬಿಸಿಲೇರುವವರೆಗೆ ಅದರಡಿಯಲ್ಲೇ ಉಳಿಯುತ್ತವೆ. ಮಕ್ಕಳು ಶಾಲೆಗೆ, ಕೂಲಿಯವರು ಕೆಲಸಕ್ಕೆ ಹೊರಡುವುದು ಆ ಹೊತ್ತಿನಲ್ಲೇ.

ಬೇಸಿಗೆ: ಕಾದ ನೆಲದಿಂದ ಗಾಳಿ ಮೇಲೇರುವುದರಿಂದ ಹೊಗೆ ಚದುರುತ್ತದೆ. ಆದರೆ ಒಣಗಿದ ತ್ಯಾಜ್ಯದ ಗುಡ್ಡೆಗಳಿಂದಲೂ ರಸ್ತೆಯ ಅಂಚುಗಳಿಂದಲೂ ಬಿರುಗಾಳಿ ಧೂಳನ್ನು ಎಬ್ಬಿಸುತ್ತದೆ.

2009ರ ರಾಷ್ಟ್ರೀಯ ಮಾನದಂಡದ ಪ್ರಕಾರ ಪಿಎಂ 10 ಕಣಗಳು ಪ್ರತಿ ಘನ ಮೀಟರಿಗೆ 24 ಗಂಟೆಗಳ ಸರಾಸರಿಯಲ್ಲಿ 100, ವಾರ್ಷಿಕ ಸರಾಸರಿಯಲ್ಲಿ 60 ಮೈಕ್ರೋಗ್ರಾಂ ಮೀರಬಾರದು. ಪಿಎಂ 2.5ಕ್ಕೆ ಈ ಮಿತಿ ಕ್ರಮವಾಗಿ 60 ಮತ್ತು 40. ಮಳೆಗಾಲದ ತಿಳಿಗಾಳಿಯನ್ನೂ ಕೂಡಿಸಿ ಭಾಗಿಸಿದ ವಾರ್ಷಿಕ ಅಂಕಿಯಲ್ಲಿ ಚಳಿಗಾಲದ ಮುಂಜಾವು ಕಾಣಿಸುವುದಿಲ್ಲ. ದಿನದ ಸರಾಸರಿಯಲ್ಲೂ ಮಧ್ಯಾಹ್ನದ ಗಾಳಿ ಬೆಳಗಿನದನ್ನು ಮರೆಮಾಡುತ್ತದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ನಮ್ಮ ರಾಜ್ಯದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ನಗರಗಳಿವೆ, ಸಂಡೂರು ಇಲ್ಲ. ಸಣ್ಣ ಊರಿನವರ ಶ್ವಾಸಕೋಶ ಸಣ್ಣದಲ್ಲ ಎಂಬುದನ್ನು ಮಂಡಳಿಯ ಗಮನಕ್ಕೆ ತರುತ್ತೇವೆ.

ಆದ್ದರಿಂದ ನಮ್ಮ ಬೇಡಿಕೆಗಳು:

1. ಪಟ್ಟಣದ ತಗ್ಗಿನ ಜನವಸತಿಯಲ್ಲಿ ಮತ್ತು ಅದಿರು ಸಾಗಣೆ ರಸ್ತೆಯ ಬದಿಯ ಶಾಲೆಯೊಂದರ ಬಳಿ ನಿರಂತರ ವಾಯುಗುಣಮಟ್ಟ ಮಾಪನ ಕೇಂದ್ರಗಳನ್ನು ಸ್ಥಾಪಿಸಬೇಕು. ಗಾಳಿಯ ವೇಗ, ದಿಕ್ಕಿನ ಜೊತೆಗೆ ತಗ್ಗಿನ ಮತ್ತು ಬೆಟ್ಟದ ಉಷ್ಣಾಂಶವನ್ನೂ ದಾಖಲಿಸಬೇಕು.

2. ಗಂಟೆವಾರು ಅಂಕಿಗಳನ್ನು ಬಸ್ ನಿಲ್ದಾಣ ಮತ್ತು ತಾಲ್ಲೂಕು ಆಸ್ಪತ್ರೆಯಲ್ಲಿ ಕನ್ನಡದಲ್ಲಿ ಪ್ರದರ್ಶಿಸಬೇಕು. ವರದಿಗಳನ್ನು ಋತುವಾರು ಪ್ರಕಟಿಸಬೇಕು.

3. ನವೆಂಬರ್‌ನಿಂದ ಫೆಬ್ರವರಿವರೆಗೆ ಸಂಜೆ 6ರಿಂದ ಬೆಳಿಗ್ಗೆ 9ರವರೆಗೆ ಜನವಸತಿಯ ರಸ್ತೆಗಳಲ್ಲಿ ಅದಿರು ಲಾರಿಗಳನ್ನು ಬಿಡಬಾರದು. ಕಸ ಸುಡುವುದನ್ನು ತಡೆಯಲು ಪುರಸಭೆಗೆ ಸೂಚಿಸಬೇಕು.

4. ಮಳೆ ನಿಂತ ಕೂಡಲೇ, ಕೆಸರು ಒಣಗುವ ಮೊದಲೇ, ರಸ್ತೆಯ ಅದಿರಿನ ಮಣ್ಣನ್ನು ಯಂತ್ರದಿಂದ ಎತ್ತಿಸಬೇಕು. ಲಾರಿಯ ಗಾಲಿ ತೊಳೆದು, ತಾಡಪಾಲು ಬಿಗಿದ ಮೇಲೆಯೇ ಡಾಂಬರು ರಸ್ತೆಗೆ ಬಿಡಬೇಕು.

5. ಬೇಸಿಗೆಯಲ್ಲಿ ನೀರು ಸಿಂಪಡಣೆಗೆ ಕುಡಿಯುವ ನೀರು ಬಳಸದೆ ಸಂಸ್ಕರಿಸಿದ ನೀರನ್ನೇ ಬಳಸಬೇಕು.

6. ಹೊಸ ಗಣಿಗಾಗಲಿ, ಉತ್ಪಾದನೆ ಹೆಚ್ಚಳಕ್ಕಾಗಲಿ ಸಮ್ಮತಿ ನೀಡುವ ಮುನ್ನ ಗಾಳಿಯಾಡದ ಚಳಿಗಾಲದ ರಾತ್ರಿಯನ್ನೇ ಅಳತೆಗೋಲಾಗಿಸಿ ಕಣಿವೆಯ ಧಾರಣಶಕ್ತಿಯನ್ನು ಲೆಕ್ಕಹಾಕಬೇಕು.

7. ಉಸಿರಾಟದ ತೊಂದರೆಯಿಂದ ಬರುವ ರೋಗಿಗಳ ತಿಂಗಳವಾರು ಲೆಕ್ಕವನ್ನು ಆರೋಗ್ಯ ಇಲಾಖೆಯಿಂದ ಪಡೆದು ಗಾಳಿಯ ಅಂಕಿಗಳೊಡನೆ ಹೋಲಿಸಬೇಕು.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಸಮ್ಮತಿ ಪತ್ರಕ್ಕೆ ಷರತ್ತು ವಿಧಿಸುವ ಅಧಿಕಾರ 1981ರ ವಾಯು ಕಾಯ್ದೆಯಡಿ ಮಂಡಳಿಗಿದೆ. ಮಾಲಿನ್ಯ ನಿಯಂತ್ರಣವು ಜಿಲ್ಲಾ ಖನಿಜ ನಿಧಿಯ ಆದ್ಯತೆಯ ಬಾಬ್ತುಗಳಲ್ಲಿ ಒಂದಾಗಿರುವುದರಿಂದ ವೆಚ್ಚಕ್ಕೂ ದಾರಿಯಿದೆ. ಮಂಡಳಿಯ ಅಧಿಕಾರಿಗಳು ಜನವರಿಯ ಒಂದು ಮುಂಜಾನೆ, ಬಿಸಿಲೇರುವ ಮೊದಲು, ಸ್ಥಳ ಪರಿಶೀಲನೆಗೆ ಬರಬೇಕೆಂದು ಕೋರುತ್ತೇವೆ.



ತಮ್ಮ ವಿಶ್ವಾಸಿಗಳು,
ಸಂಡೂರು ಪಟ್ಟಣದ ನಾಗರಿಕರು
(ಸಹಿಗಳ ಪಟ್ಟಿ ಲಗತ್ತಿಸಿದೆ)

ಪ್ರತಿ: ತಹಶೀಲ್ದಾರರು, ಸಂಡೂರು, ಮುಖ್ಯಾಧಿಕಾರಿಗಳು, ಪುರಸಭೆ, ಸಂಡೂರು.