ಕಿವಿಯೊಳಗಿನ ಜೀರುಂಡೆ



2018ನೆಯ ಇಸವಿಯ ಮಾಗಿಯ ಒಂದು ರಾತ್ರಿ ನಾವು ನಿದ್ರೆ ಬಾರದೆ ಎದ್ದು, ದೀಪ ಹೊತ್ತಿಸಿ, ಮಲಗುವ ಕೋಣೆಯ ಮೂಲೆಮೂಲೆಗಳಲ್ಲಿ ಜೀರುಂಡೆಯನ್ನು ಹುಡುಕಿದೆವು. ಮಂಚದ ಕೆಳಗೆ ಇಣಿಕಿದೆವು. ಪುಸ್ತಕದ ಬೀರುವನ್ನು ಸರಿಸಿ ನೋಡಿದೆವು. ಕಿಟಕಿಯನ್ನು ಭದ್ರವಾಗಿ ಮುಚ್ಚಿದೆವು. ಸದ್ದು ನಿಲ್ಲಲಿಲ್ಲ. ನಮ್ಮ ಗದ್ದಲಕ್ಕೆ ಎಚ್ಚರಗೊಂಡ ಮನೆಯಾಕೆ, "ಯಾವ ಜೀರುಂಡೆ? ಮನೆಯೆಲ್ಲ ನಿಶ್ಶಬ್ದವಾಗಿದೆಯಲ್ಲ!" ಎಂದಳು. ಆಗ ನಾವು ಎರಡು ಕಿವಿಗಳನ್ನೂ ಬೆರಳುಗಳಿಂದ ಒತ್ತಿ ಮುಚ್ಚಿ ನೋಡಿದೆವು. ಹೊರಗಿನ ಸದ್ದಾಗಿದ್ದರೆ ಅಡಗಬೇಕಾಗಿದ್ದಿತು, ಅದು ಇಮ್ಮಡಿಯಾಯಿತು. ಜೀರುಂಡೆಯು ಇದ್ದುದು ಕೋಣೆಯಲ್ಲಲ್ಲ, ನಮ್ಮ ಕಿವಿಯಲ್ಲಿ.

ಆಗ ನಮಗೆ ಐವತ್ತನಾಲ್ಕು ವರ್ಷ. ಅಂದಿನಿಂದ ಇಂದಿನವರೆಗೆ ಅದು ನಮ್ಮನ್ನು ಬಿಟ್ಟು ಹೋಗಿಲ್ಲ. ಕೆಲವು ದಿನ ಜೀರುಂಡೆಯ ಕೂಗು. ಕೆಲವು ದಿನ ಕುಕ್ಕರಿನ ಸೀಟಿ ಇಳಿಯುವಾಗಿನ ಸುಯ್ಯೆಂಬ ಸದ್ದು. ಮತ್ತೆ ಕೆಲವು ದಿನ ಕೆರೆಯಲ್ಲಿ ಮುಳುಗಿ ಎದ್ದವರ ಕಿವಿಯಂತೆ ನಮ್ಮ ಕಿವಿಯೂ ಬಿಗಿದುಕೊಂಡಿರುವುದು. ಅಂಥ ಹೊತ್ತಿನಲ್ಲಿ ಅಡಿಗೆಯ ಮನೆಯಲ್ಲಿ ಒಂದು ತಟ್ಟೆ ಬಿದ್ದರೂ ಸೂಜಿ ಚುಚ್ಚಿದಂತಾಗುವುದು. ಇದಕ್ಕೆ ವೈದ್ಯರು ಟಿನ್ನಿಟಸ್ ಎನ್ನುತ್ತಾರೆ. ಇದನ್ನು ಅನುಭವಿಸುವವರು ಬಹು ಮಂದಿ, ಹೇಳಿಕೊಳ್ಳುವವರು ಕೆಲವರು. ನಾವೂ ಸುಮಾರು ಎರಡು ವರ್ಷ ಹೇಳಿಕೊಳ್ಳಲಿಲ್ಲ. ಆ ನಮ್ಮ ಮೌನಕ್ಕೆ ಬೇರೊಬ್ಬರು ಬೆಲೆ ತೆರಬೇಕಾಯಿತು. ಅದನ್ನು ತಿಳಿಸುವುದಕ್ಕಾಗಿಯೇ ಈ ತಿಂಗಳ ಬರವಣಿಗೆ.

ಒಬ್ಬ ಸ್ನೇಹಿತರಿಗೆ ಮಾತ್ರ ಗುಟ್ಟಾಗಿ ತಿಳಿಸಿದ್ದೆವು. ಅವರು ಯೋಗಶಾಸ್ತ್ರದಲ್ಲಿ ಶ್ರದ್ಧೆಯುಳ್ಳವರು. ಕೇಳಿದೊಡನೆಯೇ ಕೈಮುಗಿದು, "ಪುಣ್ಯವಂತರು ನೀವು! ಅದು ಅನಾಹತ ನಾದ" ಎಂದರು. ನಾದಬಿಂದೂಪನಿಷತ್ತಿನಲ್ಲಿ ಸಾಧಕನಿಗೆ ಮೊದಲು ಕಡಲಿನ, ಮೋಡದ, ಭೇರಿಯ ಧ್ವನಿಗಳೂ ಕಡೆಗೆ ಕೊಳಲು, ವೀಣೆ, ದುಂಬಿಗಳ ಧ್ವನಿಗಳೂ ಒಳಗೆ ಕೇಳುವುವೆಂದು ಹೇಳಿದೆಯಷ್ಟೆ. ಸಾಧನೆಯ ಗಂಧವೂ ಇಲ್ಲದ ನಮಗೆ ಈ ಮಾತು ಹಿತವಾಯಿತೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ. ಏತಕ್ಕೆಂದರೆ, ನಾವು ಓದಿದ್ದ ಇನ್ನೊಂದು ಗ್ರಂಥ ಬೇರೆಯೇ ಮಾತನ್ನು ಹೇಳುತ್ತಿದ್ದಿತು. ಸುಶ್ರುತಸಂಹಿತೆಯ ಉತ್ತರತಂತ್ರವು ಕಿವಿಯ ರೋಗಗಳನ್ನು ಇಪ್ಪತ್ತೆಂಟಾಗಿ ಎಣಿಸುತ್ತದೆ. ಭೇರಿ, ಮೃದಂಗ, ಶಂಖಗಳ ಹಾಗೆ ಕೇಳುವುದು ಕರ್ಣನಾದ. ಕೊಳಲಿನ ಹಾಗೆ ಕೇಳುವುದು ಕರ್ಣಕ್ಷ್ವೇಡ. ಆ ಪಟ್ಟಿಯಲ್ಲಿ ನಾದದ ಬೆನ್ನಿಗೇ ಬರುವ ಹೆಸರು ಬಾಧಿರ್ಯ, ಎಂದರೆ ಕಿವುಡು. ನಾವು ಈ ಗ್ರಂಥವನ್ನು ಮುಚ್ಚಿಟ್ಟು ಆ ಗ್ರಂಥವನ್ನು ತೆರೆದೆವು. ಉಪನಿಷತ್ತಿನಲ್ಲಿ ದೋಷವಿಲ್ಲ, ದೋಷವಿದ್ದುದು ನಮ್ಮ ಆಯ್ಕೆಯಲ್ಲಿ.

2019ರ ಡಿಸೆಂಬರಿನಲ್ಲಿ ನಮ್ಮ ಶಾಲೆಯ ಶ್ಲೋಕಪಠನ ಸ್ಪರ್ಧೆಗೆ ನಾವೇ ತೀರ್ಪುಗಾರರು. ಏಳನೆಯ ತರಗತಿಯ ಒಬ್ಬ ಹುಡುಗಿ, ತಂದೆಯಿಲ್ಲದ ಮಗು, ಮೂರು ತಿಂಗಳು ಶ್ರಮಪಟ್ಟು ಕಲಿತು ಬಂದಿದ್ದಳು. ಅವಳ ಶ್ಲೋಕದಲ್ಲಿ 'ಸಕಲ' ಎಂಬ ಶಬ್ದ ಬಂದಿತು. ನಮ್ಮ ಕಿವಿಗೆ ಬಿದ್ದುದು 'ಶಕಲ'. ಸಕಲವೆಂದರೆ ಸಮಸ್ತ, ಶಕಲವೆಂದರೆ ಚೂರು. ಸಕಾರ ಶಕಾರಗಳ ಭೇದವನ್ನು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ ನಮಗೆ ಈ ತಪ್ಪು ಸಹಿಸದಾಯಿತು. ಅಂಕಗಳನ್ನು ಕಡಿದೆವು, ಬಹುಮಾನ ಬೇರೆಯವರ ಪಾಲಾಯಿತು. ಸಭೆ ಮುಗಿದ ಮೇಲೆ ಹುಡುಗಿ ಬಂದು, "ಮೇಷ್ಟ್ರೇ, ನಾನು ಸಕಲ ಎಂದೇ ಹೇಳಿದೆ" ಎಂದು ಮೆಲ್ಲಗೆ ಹೇಳಿದಳು. "ನಮಗೇ ಪಾಠ ಹೇಳುತ್ತೀಯೇನಮ್ಮ?" ಎಂದುಬಿಟ್ಟೆವು. ಅವಳು ತಲೆತಗ್ಗಿಸಿಕೊಂಡು ಹೊರಟುಹೋದಳು.

ಸಹೋದ್ಯೋಗಿಯೊಬ್ಬರು ಆ ಪಠನವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿದ್ದರು. ಸಂಜೆ ಅದನ್ನು ಮನೆಗೆ ತರಿಸಿಕೊಂಡು ಹತ್ತು ಬಾರಿ ಕೇಳಿದೆವು. ಹತ್ತು ಬಾರಿಯೂ ಶಕಾರವೇ. ಮನೆಯಾಕೆಗೆ ಕೇಳಿಸಿದೆವು. ಅವಳು ಸಂಸ್ಕೃತ ಓದಿದವಳಲ್ಲ. "ಸಕಲ ಎನ್ನುತ್ತಿದ್ದಾಳೆ, ಗಂಟೆ ಬಾರಿಸಿದ ಹಾಗಿದೆಯಲ್ಲ!" ಎಂದಳು. ಆ ರಾತ್ರಿ ಜೀರುಂಡೆಯ ಕೂಗು ನಮಗೆ ಅನಾಹತ ನಾದವೆಂದು ತೋರಲಿಲ್ಲ.

ಮುಂದಿನ ವಾರವೇ ಮೈಸೂರಿಗೆ ಹೋಗಿ, ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿಯನ್ನು ಪರೀಕ್ಷೆ ಮಾಡಿಸಿಕೊಂಡೆವು. ಸದ್ದು ಹೊಗದ ಕೋಣೆಯಲ್ಲಿ ಕೂಡಿಸಿ, ಸಣ್ಣ ಸಣ್ಣ ಸ್ವರಗಳನ್ನು ಕೇಳಿಸಿ, ಕೇಳಿದಾಗಲೆಲ್ಲ ಗುಂಡಿ ಒತ್ತಿಸಿದರು. ಪರೀಕ್ಷಿಸಿದ ತರುಣಿ ಒಂದು ನಕ್ಷೆಯನ್ನು ಮುಂದಿಟ್ಟಳು. ತಗ್ಗು ಸ್ವರಗಳಲ್ಲಿ ಗೆರೆ ನೆಟ್ಟಗಿತ್ತು. ಸೆಕೆಂಡಿಗೆ 4,000 ಕಂಪನಗಳ ಬಳಿ ಬೆಟ್ಟದ ಕಡಿದಿನಂತೆ ಕುಸಿದಿತ್ತು. ಸಕಾರದ ಸತ್ತ್ವವೆಲ್ಲ ಬಹುಮಟ್ಟಿಗೆ ಆ 4,000ಕ್ಕೆ ಮೇಲಿನ ಕಂಪನಗಳಲ್ಲಿಯೇ ಇದೆಯಂತೆ. ಹುಡುಗಿಯ ಸಕಾರವು ನಮ್ಮ ಕಿವಿಯನ್ನು ಮುಟ್ಟುವಷ್ಟರಲ್ಲಿ ತನ್ನ ಮೊನೆಯನ್ನು ಕಳೆದುಕೊಂಡು ಶಕಾರವಾಗಿ ಹೋಗಿದ್ದಿತು.

ಆ ತರುಣಿ ವಿವರಿಸಿದುದನ್ನು ಇಲ್ಲಿ ಸಂಗ್ರಹಿಸುತ್ತೇವೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಸುತ್ತಿದ ಒಂದು ಅಂಗವುಂಟು. ಅದರಲ್ಲಿ ಸುಮಾರು 15,000 ರೋಮಕೋಶಗಳಿರುತ್ತವೆ. ಸದ್ದಿನ ಅಲೆಗೆ ಇವು ಬಾಗಿ, ಆ ಸುದ್ದಿಯನ್ನು ನರದ ಮೂಲಕ ಮಿದುಳಿಗೆ ಮುಟ್ಟಿಸುತ್ತವೆ. ಮನುಷ್ಯರಲ್ಲಿ ಇವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಯಸ್ಸಿನಿಂದಲೂ ಸದ್ದಿನ ಪೆಟ್ಟಿನಿಂದಲೂ ಎತ್ತರದ ಸ್ವರಗಳ ಕೋಶಗಳು ಮೊದಲು ಕೆಡುತ್ತವೆ. ದಿನಕ್ಕೆ ಎಂಟು ಗಂಟೆ 85 ಡೆಸಿಬೆಲಿಗೆ ಮೇಲ್ಪಟ್ಟ ಸದ್ದು ವರ್ಷಗಟ್ಟಲೆ ಬಿದ್ದರೆ ಕಿವಿಗೆ ಕೇಡು ತಪ್ಪದು. ನಾವು ಓದುವ ದಿನಗಳಲ್ಲಿ ಅನ್ನಕ್ಕಾಗಿ ಸೋದರಮಾವನ ಹಿಟ್ಟಿನ ಗಿರಣಿಯಲ್ಲಿ ಆರು ವರ್ಷ ಇದ್ದವರು.

ಹಾಗಾದರೆ ಇಲ್ಲದ ಸದ್ದು ಕೇಳುವುದೇತಕ್ಕೆ? ಬರಬೇಕಾದ ಮಗ ಬಾರದ ರಾತ್ರಿ ತಾಯಿ ಬಾಗಿಲಿಗೆ ಕಿವಿಗೊಟ್ಟು ಕುಳಿತಿರುವಾಗ, ಒಣಗಿದೆಲೆ ಬಿದ್ದರೂ ಹೆಜ್ಜೆಯ ಸಪ್ಪಳವೆಂದೇ ಎಣಿಸುವಳಲ್ಲವೆ? ಮಿದುಳಿನದೂ ಅದೇ ಪಾಡು. ಕಿವಿಯಿಂದ ಬರಬೇಕಾದ ಸುದ್ದಿ ನಿಂತುಹೋದಾಗ ಅದು ತನ್ನ ಆಲಿಕೆಯನ್ನು ಹರಿತಮಾಡಿಕೊಳ್ಳುತ್ತದೆ. ಆಗ ನರಗಳ ಸಹಜವಾದ ಗುಜುಗುಜೇ ಸದ್ದಾಗಿ ತೋರುತ್ತದೆ. ಬಹುಮಂದಿ ವಿದ್ವಾಂಸರು ಒಪ್ಪುವ ವಿವರಣೆ ಇದು. ಕಿವಿ ನೆಟ್ಟಗಿರುವವರಿಗೂ ನಿಶ್ಶಬ್ದದಲ್ಲಿ ಇಂಥದು ಕೇಳುವುದುಂಟು. ಹೆಲರ್ ಮತ್ತು ಬರ್ಗ್‌ಮನ್ ಎಂಬ ವಿದ್ವಾಂಸರು ಆರೋಗ್ಯವಾದ ಕಿವಿಯುಳ್ಳ 80 ಮಂದಿಯನ್ನು ಸದ್ದಿಲ್ಲದ ಕೋಣೆಯಲ್ಲಿ ಕೂಡಿಸಿದಾಗ ನೂರಕ್ಕೆ 94ರಷ್ಟು ಮಂದಿ ಏನಾದರೊಂದು ಸದ್ದು ಕೇಳಿತೆಂದು ಹೇಳಿದರೆಂಬುದು 1953ರಲ್ಲಿ ಪ್ರಕಟವಾಯಿತು. ಆದುದರಿಂದ ಇದು ಹುಚ್ಚಲ್ಲ, ಗ್ರಹಚಾರವಲ್ಲ, ಸಿದ್ಧಿಯೂ ಅಲ್ಲ.

ಮುಚ್ಚಿಡುವ ಬುದ್ಧಿಯೂ ನಮ್ಮೊಬ್ಬರದೇ ಅಲ್ಲ. ಜರ್ಮನಿಯ ಸಂಗೀತಗಾರ ಬೇಥೋವನ್ 1801ರಲ್ಲಿ ತನ್ನ ವೈದ್ಯಮಿತ್ರನಿಗೆ, ಕಿವಿಗಳು ಹಗಲಿರುಳೂ ಮೊರೆಯುತ್ತಿವೆಯೆಂದೂ ಕಿವುಡೆಂದು ಹೇಳಿಕೊಳ್ಳಲಾರದೆ ಜನರ ಸಹವಾಸವನ್ನೇ ಬಿಟ್ಟಿರುವೆನೆಂದೂ ಬರೆದನು. ಬೊಹೀಮಿಯದ ಸ್ಮೆಟಾನಾ 1874ರಲ್ಲಿ ಕಿವುಡಾದನು. ಆದರೆ ಅವನು ಬಚ್ಚಿಡಲಿಲ್ಲ. 1876ರ ತನ್ನ ತಂತಿವಾದ್ಯದ ಕೃತಿಯ ಕೊನೆಯಲ್ಲಿ ಪಿಟೀಲಿನ ಒಂದೇ ಎತ್ತರದ ಸ್ವರವನ್ನು ಎಳೆದು ನಿಲ್ಲಿಸಿ, ತನ್ನ ಕಿವಿಯಲ್ಲಿ ಕೂಗಿದ ಸದ್ದನ್ನು ಲೋಕಕ್ಕೆಲ್ಲ ಕೇಳಿಸಿದನು.

ಇನ್ನು ಮನೆಮಂದಿಗೆ ಉಪಯೋಗವಾಗುವ ನಾಲ್ಕು ಮಾತು. ಸದ್ದು ಒಂದೇ ಕಿವಿಯಲ್ಲಿದ್ದರೆ, ನಾಡಿಯ ಬಡಿತಕ್ಕೆ ಸರಿಯಾಗಿ ಮಿಡಿಯುತ್ತಿದ್ದರೆ, ಜತೆಗೆ ತಲೆಸುತ್ತು ಇದ್ದರೆ, ತಡಮಾಡದೆ ಕಿವಿಯ ವೈದ್ಯರನ್ನು ಕಾಣತಕ್ಕದ್ದು. ಕಿವಿ ಫಕ್ಕನೆ ಕೇಳದಾದರೆ ಅಂದೇ ಹೋಗಬೇಕು. ಅದಕ್ಕೆ ಚಿಕಿತ್ಸೆ ಫಲಿಸುವ ಕಾಲ ಬಹಳ ಕಿರಿದು. ಕೆಲವು ವೇಳೆ ಕಾರಣ ಬರಿಯ ಗುಗ್ಗೆಯಾಗಿರಬಹುದು. ಆದರೆ ಕಡ್ಡಿ, ಪಿನ್ನು, ಕಾಯಿಸಿದ ಎಣ್ಣೆ ಇವುಗಳ ಪ್ರಯೋಗ ಕೂಡದು. ಔಷಧಗಳಿಂದಲೂ ಈ ಸದ್ದು ಬರುವುದುಂಟು. ಮಲೆನಾಡಿನ ಚಳಿಜ್ವರಕ್ಕೆ ಕ್ವಿನೈನ್ ನುಂಗಿದ ಹಿರಿಯರು ಕಿವಿ ಗುಂಯ್‌ಗುಡುತ್ತದೆ ಎನ್ನುತ್ತಿದ್ದರು. ಅದೂ ಹೆಚ್ಚು ಪ್ರಮಾಣದ ಆಸ್ಪಿರಿನ್ನಿನದೂ ಸಾಮಾನ್ಯವಾಗಿ ಔಷಧ ನಿಂತರೆ ಇಳಿಯುವುವು. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್‌ಗಳ ಕೇಡು ಉಳಿದುಬಿಡಬಹುದು. ಆದರೂ ವೈದ್ಯರನ್ನು ಕೇಳದೆ ಯಾವ ಔಷಧವನ್ನೂ ನಿಲ್ಲಿಸಬಾರದು. ಸದ್ದನ್ನು ಬೇರುಸಹಿತ ಕೀಳುವ ಗುಳಿಗೆಯೆಂದು ಮಾರುವವರನ್ನು ನಂಬಬೇಡಿ. ಅಮೆರಿಕದ ಕಿವಿ ಮೂಗು ಗಂಟಲ ವೈದ್ಯರ ಸಂಘದ 2014ರ ಮಾರ್ಗಸೂಚಿಯು ಜಿಂಕೋ, ಸತು, ಮೆಲಟೋನಿನ್‌ಗಳನ್ನು ಬೇಡವೆಂದು, ಕಿವಿ ಮಂದವಾದವರಿಗೆ ಶ್ರವಣಯಂತ್ರವನ್ನೂ ಕಾಡುವ ಸದ್ದಿನ ಸಂಗಡ ಬಾಳಲು ಮನಸ್ಸನ್ನು ಪಳಗಿಸುವ ಚಿಕಿತ್ಸೆಯನ್ನೂ ಹೇಳಿದೆ.

ರಾತ್ರಿಯ ಮಟ್ಟಿಗೆ ನಮ್ಮ ಅನುಭವವಿಷ್ಟು: ಮೌನವನ್ನು ಅರಸಬಾರದು. ಫ್ಯಾನಿನ ಸದ್ದೋ ರೇಡಿಯೋದ ಮೆಲುದನಿಯೋ ಇರಲಿ. ಜೀರುಂಡೆಯನ್ನು ಮುಳುಗಿಸುವಷ್ಟು ಜೋರು ಬೇಡ, ಅದಕ್ಕೊಬ್ಬ ಜತೆಗಾರನಿದ್ದರೆ ಸಾಕು. ಜಗಳವಾಡಿದಷ್ಟೂ ಅದು ಹೆಚ್ಚುವುದು. ಜಗಳ ಬಿಟ್ಟ ಮೇಲೆ, ಹಿತ್ತಿಲ ಕೋಣೆಯ ಬಾಡಿಗೆದಾರನ ಕೆಮ್ಮಿನ ಹಾಗೆ, ಇದ್ದೂ ಕೇಳದಂತಾಗುವುದು. ಈಗ ಎರಡು ಕಿವಿಗಳಿಗೂ ಯಂತ್ರ ಹಾಕಿಕೊಂಡಿದ್ದೇವೆ. ಮೊದಲ ದಿನ ಅಂಗಳದ ಗುಬ್ಬಚ್ಚಿಗಳ ಚಿಲಿಪಿಲಿ ಕೇಳಿ, ಇವು ಇಷ್ಟು ದಿನ ಎಲ್ಲಿದ್ದುವೆಂದು ಬೆರಗಾದೆವು.

ಯಂತ್ರ ಹಾಕಿಕೊಂಡ ಮೇಲೆ ಮಾಡಿದ ಮೊದಲ ಕೆಲಸ, ಆ ಹಳೆಯ ಧ್ವನಿಮುದ್ರಿಕೆಯನ್ನು ಮತ್ತೆ ಕೇಳಿದುದು. ಸಕಲ! ಮರುದಿನ ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ, ತಪ್ಪು ಹುಡುಗಿಯ ನಾಲಗೆಯದಲ್ಲ, ಮೇಷ್ಟ್ರ ಕಿವಿಯದೆಂದು ಶಾಲೆಯೆಲ್ಲ ಕೇಳುವಂತೆ ಹೇಳಿದೆವು. ಬಹುಮಾನ ಪಡೆದ ಮಗುವಿನಿಂದ ಅದನ್ನು ಕಿತ್ತುಕೊಳ್ಳುವುದು ನ್ಯಾಯವಾಗಿರಲಿಲ್ಲ. ನಮ್ಮ ಅಮರಕೋಶದ ಪ್ರತಿಯನ್ನು ಈ ಹುಡುಗಿಗೆ ಕೊಟ್ಟೆವು. ಅವಳು ನಮಸ್ಕರಿಸಿ, "ಈಗ ನಿಮಗೆ ನಾನು ಹೇಳುವುದು ಕೇಳುತ್ತದೆಯೇ, ಮೇಷ್ಟ್ರೇ?" ಎಂದು ಕೇಳಿದಳು. ಕೇಳುತ್ತದೆಯಮ್ಮ ಎಂದೆವು. ಆದರೆ ಅವಳು ಸಭೆಯ ದಿನ ಮೆಲ್ಲಗೆ ಹೇಳಿದ ಮಾತನ್ನು ಕೇಳುವುದಕ್ಕೆ ಯಂತ್ರವೇನೂ ಬೇಕಾಗಿರಲಿಲ್ಲ.

ನಿಮ್ಮ ಮನೆಯ ಹಿರಿಯರು ಸುಮ್ಮಸುಮ್ಮನೆ ಸಿಡಿಮಿಡಿಗೊಂಡರೆ, ಮಾತಿಗೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ, ನಗಬೇಡಿ. ಅವರ ಕಿವಿಯೊಳಗೆ ಏನು ಕೂಗುತ್ತಿದೆಯೆಂದು ಪಕ್ಕದಲ್ಲಿ ಕುಳಿತು ಕೇಳಿ, ಪರೀಕ್ಷೆಗೆ ಕರೆದುಕೊಂಡು ಹೋಗಿ. ಹಿರಿಯರೇ, ಕೇಳಿದರೆ ನೀವೂ ಬಚ್ಚಿಡಬೇಡಿ.