ತಿನ್ನತಕ್ಕ ಹೂವು: ಅಗಸೆಯ ವಿಷಯ

ಮೈಸೂರು ಚಿಗುರೆಲೆಯ ಕೀರ್ತಿಯನ್ನು ಕೇಳದವರಿಲ್ಲ. ಪೂರ್ಣಯ್ಯನ ಛತ್ರದಿಂದ ವಿದ್ಯಾರಣ್ಯಪುರದವರೆಗೆ ಹಿಂದೆ ಹಬ್ಬಿದ್ದ ಎಲೆತೋಟಗಳು ನಗರವು ಬೆಳೆದಂತೆಲ್ಲ ಕುಗ್ಗಿರುವುದನ್ನೂ ವಾಚಕರು ಬಲ್ಲರು. ಆದರೆ ಬಳ್ಳಿಗೆ ಆಸರೆಯಾಗಿ ನಿಂತ ಅಗಸೆಯ ಮರವನ್ನು ಕುರಿತು ಯಾರೂ ಮಾತನಾಡುವುದಿಲ್ಲ. ತೋಟ ಹೋದಲ್ಲಿ ಮರವೂ ಹೋಯಿತು. ಅದರೊಡನೆ ಒಂದು ಒಳ್ಳೆಯ ಅಡಿಗೆಯೂ ಹೋಗುತ್ತಲಿದೆ.

ಇಲ್ಲಿ ಹೇಳುವುದು ಎಣ್ಣೆಬೀಜದ ಅಗಸೆಯನ್ನಲ್ಲ, ಚೊಗಚೆಯೆಂದೂ ಕರೆಯುವ ಮರದ ಅಗಸೆಯನ್ನು. ಇದರ ಹೂವು ದೋಣಿಯಂತೆ ಬಾಗಿ, ಬಿಳುಪು ಅಥವಾ ಕೆಂಪು ಬಣ್ಣದ್ದಾಗಿ, ಬೆರಳುದ್ದವಿರುವುದು. ಪೂರ್ತಿ ಅರಳುವುದಕ್ಕೆ ಮೊದಲೇ ಬಿಡಿಸಿ, ಕಹಿಯಾದ ಕೇಸರವನ್ನೂ ತೊಟ್ಟನ್ನೂ ಕಿತ್ತು, ಎಸಳುಗಳನ್ನು ಹೆಚ್ಚಿ ಒಗ್ಗರಣೆಯಲ್ಲಿ ಬಾಡಿಸಿ ಕಾಯಿತುರಿ ಬೆರೆಸಿದರೆ ಪಲ್ಯವಾಗುವುದು. ಕಡಲೆಹಿಟ್ಟಿನಲ್ಲಿ ಅದ್ದಿ ಕರಿದರೆ ಬೋಂಡವಾಗುವುದು. ಇದರ ಸೊಪ್ಪನ್ನಾದರೋ ದ್ವಾದಶಿಯ ಪಾರಣೆಗೆಂದು ಹುಡುಕಿ ತರುವ ಮನೆಗಳು ಈಗಲೂ ಉಂಟು. ಹೂವಿಗೆ ಆ ಮರ್ಯಾದೆಯಿಲ್ಲ; ಉದುರಿ ಮಣ್ಣುಪಾಲಾಗುತ್ತದೆ.

ಇಂಗ್ಲೆಂಡಿನ ಬೇಲಿಗಳಲ್ಲಿ ಎಲ್ಡರ್ ಎಂಬ ಗಿಡವು ತಾನಾಗಿಯೇ ಬೆಳೆಯುವುದು. ಅದರ ಎಲೆ ಕಾಂಡಗಳು ವಿಷ. ಹೂಗೊಂಚಲನ್ನು ಮಾತ್ರ ಸಕ್ಕರೆ, ನಿಂಬೆಗಳೊಡನೆ ನೆನೆಯಿಟ್ಟು ಪಾನಕ ಮಾಡಿ, ಸೀಸೆಗಳಲ್ಲಿ ತುಂಬಿ ಮಾರುವರು. ಸೊಪ್ಪು, ಹೂವು, ಎಳೆಗಾಯಿ ಮೂರೂ ತಿನ್ನಲು ಒದಗುವ ನಮ್ಮ ಮರಕ್ಕೆ ಬದುವಿನಲ್ಲಿ ಗೇಣು ಜಾಗವೂ ದೊರೆಯದಿರುವುದು ವಿಪರೀತವಲ್ಲವೇ?

ಬದುವಿನ ಮರವು ಬೆಳೆಗೆ ನೆರಳು ಮಾಡುವುದೆಂದು ಕೆಲವು ಭೂಮಾಲೀಕರು ಆಕ್ಷೇಪಿಸುವರು. ಈ ಮಾತು ಹುಣಿಸೆಗೆ ಒಪ್ಪುವುದು, ಅಗಸೆಗೆ ಒಪ್ಪದು. ಇದರ ನೆರಳು ವಿರಳ. ದ್ವಿದಳ ಜಾತಿಯದಾದ್ದರಿಂದ ಬೇರಿನ ಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ಹಿಡಿದು ನೆಲವನ್ನು ಪುಷ್ಟಿಗೊಳಿಸುವುದು. ಸೊಪ್ಪು ಆಡು ಹಸುಗಳಿಗೆ ಮೇವು (ಕೋಳಿಗಳಿಗೆ ಹಾಕತಕ್ಕದ್ದಲ್ಲ). ಮರವು ಮೆದು, ಅಲ್ಪಾಯು, ಬಿರುಗಾಳಿಗೆ ಮುರಿಯತಕ್ಕದ್ದು ಎಂಬುದು ಮಾತ್ರ ನಿಜವಾದ ದೋಷ. ಆದುದರಿಂದ ಪ್ರತಿವರ್ಷವೂ ಮುಂಗಾರಿನಲ್ಲಿ ನಾಲ್ಕಾರು ಬೀಜಗಳನ್ನು ಊರುತ್ತಲೇ ಇರಬೇಕು; ಗಿಡವು ಬಹು ಬೇಗ ಏಳುವುದು.

ಎಲೆತೋಟದೊಳಗಿನ ಮರಗಳನ್ನು ನೆರಳಿನ ಹದಕ್ಕಾಗಿ ಸವರುವುದರಿಂದ ಅವುಗಳಲ್ಲಿ ಹೂವು ಕಡಿಮೆ. ಅಂಚಿನ ಸಾಲನ್ನಾದರೂ ಸವರದೆ ಬಿಡುವುದು ಲೇಸೆಂದು ನನ್ನ ಅಭಿಪ್ರಾಯ. ಕೀಟನಾಶಕವನ್ನು ಸಿಂಪಡಿಸಿದ ತೋಟದ ಹೂವನ್ನು ಮಾತ್ರ ತಿನ್ನಕೂಡದು. ಇನ್ನೊಂದು ಮಾತು: ಕೆಲಸಕ್ಕೆ ಬಂದ ಹೆಂಗಸರು ಹೂವು ಬಿಡಿಸಿಕೊಳ್ಳುವುದನ್ನು ತಡೆಯಬಾರದು. ಮೇವೂ ನೆಲದ ಸಾರವೂ ತನಗೆ ದೊರೆತಿರುವಾಗ ಒಂದು ಮಡಿಲು ಹೂವಿಗೆ ಲೆಕ್ಕವಿಡುವುದು ಭೂಮಾಲೀಕನಿಗೆ ಭೂಷಣವಲ್ಲ.

ಕೆರೆಯ ಕೆಳಗಿನ ತೇವದ ನೆಲವೂ ಈ ಮರಕ್ಕೆ ಒಗ್ಗುವುದು. ಗ್ರಾಮದ ಮುಖಂಡರು ಶಾಲೆಯ ಆವರಣದಲ್ಲಿ ಈ ಮುಂಗಾರಿಗೇ ಹತ್ತು ಬೀಜಗಳನ್ನು ಊರಿಸಬಹುದು.